ಹಮ್ಮಿಗಿಯ ತೂಗುಮಂಚ ಮತ್ತು ಐದು ಹೆಬ್ಬೆಟ್ಟು

೨೦೨೨ರ ಡಿಸೆಂಬರ್ ತಿಂಗಳು. ಗದಗ-ಬೆಟಗೇರಿಯ ಸರ್ಕಾರಿ ತರಬೇತಿ ಸಂಸ್ಥೆಯೊಂದರ ಬಡಗಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಇನ್‌ಸ್ಟ್ರಕ್ಟರ್ ಆಗಿದ್ದ ನಾನು ನಿವೃತ್ತನಾಗಿ ಆಗ ನಾಲ್ಕು ವರ್ಷವಾಗಿತ್ತು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳೆಲ್ಲ ಸೇರಿ, ಕಟ್ಟಿಗೆಯ ಕೆಲಸ ಕಲಿಸಿದ ನನಗೆ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಉಡುಗೊರೆ ಕೊಟ್ಟಿದ್ದರು. ಅದರ ಮೇಲೆ ಕುಳಿತು ಮೂರು ತಿಂಗಳು ಪತ್ರಿಕೆ ಓದಿದೆ. ನಾಲ್ಕನೆಯ ತಿಂಗಳು ಎದ್ದು ಪಾಲಿಶ್ ಕೆಲಸ ಹಿಡಿದೆ. ಆ ಕುರ್ಚಿಯ ಉಪಕಾರ ಅಷ್ಟೇ.

ನಾನು ಮಾಡುವುದು ಬ್ರಶ್ಶಿನ ಪಾಲಿಶ್ ಅಲ್ಲ, ಮಶೀನಿನ ಪಾಲಿಶ್ ಅಲ್ಲ. ಬಟ್ಟೆಯಿಂದ ಒರೆಸಿ ಹಚ್ಚುವ ಪಾಲಿಶ್; ಇದಕ್ಕೆ ವೈಪ್-ಆನ್ ಫಿನಿಶ್ ಎನ್ನುತ್ತಾರೆ. ಕುದಿಸಿದ ಅಗಸಿ ಎಣ್ಣೆ ಒಂದು ಪಾಲು, ವಾರ್ನಿಶ್ ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು. ಮೂರನ್ನೂ ಕಲಸಿ, ಮೆತ್ತನೆಯ ಹತ್ತಿಬಟ್ಟೆಯನ್ನು ಅದರಲ್ಲಿ ಅದ್ದಿ ಕಟ್ಟಿಗೆಗೆ ತಿಕ್ಕಬೇಕು. ಹದಿನೈದು ನಿಮಿಷ ಬಿಟ್ಟು, ಕಟ್ಟಿಗೆ ಕುಡಿಯದೆ ಉಳಿಸಿದ್ದನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. "ಒರಸಿ ತಗಿಯೂದ ಇದ್ದರ ಹಚ್ಚೂದ್ಯಾಕ?" ಎಂದು ನನ್ನ ಹೆಂಡತಿ ಕೇಳಿದ್ದಳು. ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ ಅದು. ಉತ್ತರ ಇಷ್ಟೆ: ಒರೆಸಿದ ಮೇಲೂ ಕಟ್ಟಿಗೆಯ ಒಳಗೆ ಏನು ಉಳಿಯುತ್ತದೋ ಅದೇ ಪಾಲಿಶ್. ಮೇಲೆ ಉಳಿದದ್ದು ಬರೀ ಅಂಟು.

ಈ ವಿಧಾನಕ್ಕೆ ಒಂದೇ ದೋಷ. ಒಂದು ಕೋಟ್ ಒಣಗಲು ಇಪ್ಪತ್ನಾಲ್ಕು ತಾಸು ಬೇಕು, ಚಳಿಗಾಲದಲ್ಲಿ ಹೊಳೆದಂಡೆಯ ಊರಾದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಮನೆಯವರು ಮಾಡಬೇಕಾದ ಕೆಲಸವೆಂದರೆ ಮುಟ್ಟದೆ ಇರುವುದು. ಇದಕ್ಕಿಂತ ಕಠಿಣವಾದ ವ್ರತವನ್ನು ನಮ್ಮ ಕಡೆಯ ಜನರಿಗೆ ಯಾವ ಸ್ವಾಮಿಗಳೂ ಹೇಳಿದ್ದಿಲ್ಲ.

ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ ಫಕೀರಗೌಡರು ಎಂಬ ಹಿರಿಯರು ಬೆಟಗೇರಿಯ ನಮ್ಮ ಮನೆಗೇ ಬಂದರು. ವಯಸ್ಸು ಎಪ್ಪತ್ನಾಲ್ಕು, ಮಾತು ಕಡಿಮೆ. ತಮ್ಮ ಪಡಸಾಲೆಯಲ್ಲಿ ಸಾಗವಾನಿಯ ತೂಗುಮಂಚವೊಂದು ಇದೆ, ಏಳು ಫೂಟು ಉದ್ದ, ಎರಡೂವರೆ ಫೂಟು ಅಗಲ, ಹಿತ್ತಾಳೆಯ ನಾಲ್ಕು ಸರಪಳಿ. ಅದಕ್ಕೆ ಪಾಲಿಶ್ ಆಗಬೇಕು. ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ ಬಸುರಿ ಮೊಮ್ಮಗಳ ಕುಬಸ, ಅಷ್ಟರೊಳಗೆ ಒಣಗಿರಬೇಕು ಎಂದರು. ಆಗಬಹುದು ಎಂದೆ. "ಒಣಗಿರಬೇಕು" ಎಂದು ಇನ್ನೊಮ್ಮೆ ಹೇಳಿದರು. ಚಹಾ ಕುಡಿದು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಮೂರನೆಯ ಸಲ ಹೇಳಿದರು. ವಯಸ್ಸಾದವರ ಮರೆವು ಎಂದುಕೊಂಡೆ.

ಶುಕ್ರವಾರ ಬೆಳಗ್ಗೆ ನಾನೂ ಮಕ್ತುಮ್‌ಸಾಬನೂ ಮುಂಡರಗಿಯ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಮ್ಮಿಗಿಗೆ ಇಳಿದೆವು. ಮಕ್ತುಮ್‌ಸಾಬ ಬೆಟಗೇರಿಯ ಬಡಗಿ, ನನಗಿಂತ ಎರಡು ವರ್ಷ ದೊಡ್ಡವನು. ಜೋಡಣೆ, ಕೀಲು, ಸರಪಳಿ ಅವನ ಇಲಾಖೆ. ಮೇಲ್ಮೈ ನನ್ನ ಇಲಾಖೆ. ಇಬ್ಬರ ನಡುವೆ ಗಡಿ ತಂಟೆ ಬಂದದ್ದಿಲ್ಲ. ಕೈಯಲ್ಲಿ ಕುಬಸದ ಸೋಮವಾರದವರೆಗೆ ಹತ್ತು ದಿನ ಇದ್ದವು. ಎರಡು ದಿನ ಹಳೆಯ ಪಾಲಿಶ್ ಕೆರೆಯುವುದು, ನಾಲ್ಕು ದಿನ ನಾಲ್ಕು ಕೋಟ್, ಉಳಿದ ನಾಲ್ಕು ದಿನ ಒಣಗಲಿಕ್ಕೆ. ನೋಟ್‌ಬುಕ್ಕಿನಲ್ಲಿ ಈ ಯೋಜನೆ ಬಹಳ ಸುಂದರವಾಗಿ ಕಾಣುತ್ತಿತ್ತು.

ಮಂಚದ ಮೇಲೆ ದಪ್ಪನೆಯ ಜಮಖಾನೆ ಹಾಸಿದ್ದರು. ತೆಗೆದು ನೋಡಿದರೆ ಕರ್ರಗೆ, ಜಿಡ್ಡು ಜಿಡ್ಡು. ಹೆರೆಯುವ ಪಟ್ಟಿ ಹಾಕಿದರೆ ಹಳೆಯ ವಾರ್ನಿಶ್ ಪುಡಿಯಾಗಿ ಉದುರಬೇಕು. ಇದು ಬೆಲ್ಲದ ಪಾಕದ ಹಾಗೆ ಸುರುಳಿ ಸುತ್ತಿಕೊಂಡು ಬಂತು. ಮೂಸಿದೆ. ಒಗ್ಗರಣೆಯ ವಾಸನೆ. ಈ ಕಟ್ಟಿಗೆಗೆ ಶೇಂಗಾ ಎಣ್ಣೆ ಹಚ್ಚುತ್ತಿದ್ದರೇನು ಎಂದು ಗೌಡರ ಹೆಂಡತಿ ನೀಲವ್ವನವರನ್ನು ಕೇಳಿದೆ. ಅವರ ಮುಖ ಅರಳಿತು. ಅತ್ತೆಯ ಕಾಲದಿಂದ ಪ್ರತಿ ಪಂಚಮಿಗೆ, ತಮ್ಮದೇ ಹೊಲದ ಶೇಂಗಾ, ತಾವೇ ನಿಂತು ಗಾಣದಲ್ಲಿ ತೆಗೆಸಿದ ಎಣ್ಣೆ, ಒಂದು ವರ್ಷವೂ ತಪ್ಪಿಸಿಲ್ಲ ಎಂದರು. ಅದರ ಮೇಲೆ ಒಮ್ಮೆ ಯಾರೋ ಪೇಂಟರನನ್ನು ಕರೆಸಿ, ಬ್ರಶ್ಶಿನಿಂದ ದಪ್ಪಗೆ ವಾರ್ನಿಶ್ ಬಳಿಸಿದ್ದರಂತೆ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಎಷ್ಟು ಶುದ್ಧವಿದ್ದರೂ ಗಟ್ಟಿಯಾಗುವುದಿಲ್ಲ, ಶುದ್ಧವಿದ್ದಷ್ಟೂ ಹಟಮಾರಿ. ಅದರ ಮೇಲೆ ಬಳಿದ ವಾರ್ನಿಶ್ ನೋಡಲು ಒಣಗಿದ ಹಾಗೆ ಇರುತ್ತದೆ, ಹಾಲಿನ ಮೇಲಿನ ಕೆನೆಯಂತೆ. ಮನುಷ್ಯ ಕುಳಿತು ಮೈಬಿಸಿ ತಾಗಿದರೆ ಸಾಕು, ಕೆಳಗಿನ ಎಣ್ಣೆ ಎಚ್ಚರಗೊಂಡು ಕುಳಿತವರನ್ನು ಪ್ರೀತಿಯಿಂದ ಹಿಡಿದುಕೊಳ್ಳುತ್ತದೆ. ಇದನ್ನು ನೀಲವ್ವನವರಿಗೆ ವಿವರಿಸಿ, ಇನ್ನು ಮುಂದೆ ಮಂಚಕ್ಕೆ ಶೇಂಗಾ ಎಣ್ಣೆ ಮುಟ್ಟಿಸುವುದಿಲ್ಲ ಎಂದು ಮಾತು ತೆಗೆದುಕೊಂಡೆ. ಮಾತು ಕೊಟ್ಟರು. ಆದರೆ ಅಷ್ಟು ಒಳ್ಳೆಯ ಎಣ್ಣೆಗೆ ನಾನು ಮಾಡಿದ ಅವಮಾನವನ್ನು ಅವರು ಮರೆಯಲಿಲ್ಲ. ಮಧ್ಯಾಹ್ನದ ಊಟಕ್ಕೆ ನನ್ನ ಚಟ್ನಿಪುಡಿಯ ಮೇಲೆ ಮಾತ್ರ ಎರಡು ಚಮಚ ಹೆಚ್ಚಿಗೆ ಸುರಿದರು.

ಶುಕ್ರವಾರ, ಶನಿವಾರ ಕೆರೆದೆವು. ಮೂರು ಸಲ ಟರ್ಪೆಂಟೈನ್‌ನಿಂದ ತೊಳೆದು, ಎಂಬತ್ತು, ನೂರಾ ಇಪ್ಪತ್ತು, ಕೊನೆಗೆ ಇನ್ನೂರಾ ಇಪ್ಪತ್ತು ನಂಬರಿನ ಕಾಗದದಿಂದ ಉಜ್ಜಿದೆವು. ಒಳಗಿನಿಂದ ಜೇನಿನ ಬಣ್ಣದ ಸಾಗವಾನಿ ಹೊರಗೆ ಬಂತು. ಮಕ್ತುಮ್‌ಸಾಬ ಅಂಗೈ ಸವರಿ, ಈ ಮರ ಇಷ್ಟು ವರ್ಷ ಬುರ್ಖಾ ಹಾಕಿಕೊಂಡಿತ್ತು ಮಾಸ್ತರ ಎಂದ.

ರವಿವಾರ ಮೊದಲ ಕೋಟ್. ಈ ಕೆಲಸಕ್ಕೆ ಹೊಸ ಬಟ್ಟೆ ಬರುವುದಿಲ್ಲ, ನೂಲಿನ ತುಪ್ಪಟ ಬಿಡುತ್ತದೆ. ಹತ್ತಾರು ಸಲ ಒಗೆದು ಮೆತ್ತಗಾದ ಧೋತರವೇ ಆಗಬೇಕು. ಹಳೆಯ ಧೋತರ ಇದೆಯೇ ಎಂದು ಕೇಳಿದೆ. ನೀಲವ್ವನವರು ರೊಟ್ಟಿ ಬಡಿಯುತ್ತ ಒಳಗಿನಿಂದಲೇ, ಟ್ರಂಕಿನಲ್ಲಿವೆ, ಬೇಕಾದ್ದು ತೆಗೆದುಕೊಳ್ಳಿ ಎಂದರು. ಇದ್ದ ನಾಲ್ಕರಲ್ಲಿ ನಾನು ತಜ್ಞನ ಹಾಗೆ ಬೆರಳಿಂದ ತಿಕ್ಕಿ ನೋಡಿ, ಎಲ್ಲಕ್ಕಿಂತ ಮೆತ್ತಗಿದ್ದ ಹಸಿರು ದಡಿಯದ್ದನ್ನು ಆರಿಸಿದೆ. ಹಿಂಭಾಗಕ್ಕೆ ಕಂದುಬಣ್ಣದ ಅಗಲವಾದ ಕಲೆ ಇತ್ತು. ಒರೆಸುವ ಬಟ್ಟೆಗೆ ಕಲೆಯ ಚಿಂತೆ ಏನು? ಹಲ್ಲಿನಿಂದ ದಡಿ ಕಚ್ಚಿ ಪರ್ರೆಂದು ಹರಿದೆ.

ಅದೇ ಹೊತ್ತಿಗೆ ಫಕೀರಗೌಡರು ಒಳಗೆ ಬಂದರು. ನನ್ನ ಎರಡು ಕೈಯಲ್ಲಿ ಎರಡು ತುಂಡು. ಅವರು ಕಂಬ ಹಿಡಿದು ನಿಂತುಬಿಟ್ಟರು.

"ಅದನ್ನ ಹರದ್ರೇನು ಮಾಸ್ತರ?"

ಹರಿದಿದ್ದೆ. ಸಾಕ್ಷಿಗಳೂ ಇದ್ದರು.

ಗೌಡರು ಕುಳಿತು ಕತೆ ಹೇಳಿದರು. ಅವರಿಗೆ ಒಬ್ಬನೇ ತಮ್ಮ, ಬಸನಗೌಡ, ಐದು ವರ್ಷ ಸಣ್ಣವರು. ಹೆಂಡತಿಯ ಕಡೆಯ ಹೊಲ ನೋಡಿಕೊಂಡು ಲಕ್ಷ್ಮೇಶ್ವರದ ಹತ್ತಿರ ಅಡರಕಟ್ಟಿಯಲ್ಲಿ ಇದ್ದಾರೆ. ಹನ್ನೊಂದು ವರ್ಷದ ಹಿಂದೆ ಪಂಚಮಿಗೆ ಬಂದಿದ್ದರು, ಹಸಿರು ದಡಿಯ ಹೊಸ ಧೋತರ ಉಟ್ಟು. ಪೇಂಟರ ವಾರ್ನಿಶ್ ಬಳಿದು ಆಗ ಹದಿನೈದು ದಿನ ಆಗಿತ್ತು. "ಒಣಗಿದ್ದೀತು, ಕುಂಡ್ರು" ಎಂದು ಫಕೀರಗೌಡರೇ ಹೇಳಿದರು. ಪಡಸಾಲೆ ತುಂಬ ಬೀಗರು. ಒಂದು ತಾಸು ತೂಗಿಕೊಂಡು ಮಾತಾಡಿ ತಮ್ಮ ಏಳಲು ಹೋದರೆ ಮಂಚವೂ ಜೊತೆಗೆ ಬಂತು. ಬೀಗರಲ್ಲಿ ಒಬ್ಬರು ನಕ್ಕರು. ಫಕೀರಗೌಡರೂ ನಕ್ಕರು. ಅವರ ಪ್ರಕಾರ ಅಪರಾಧ ಅದೇ, ನಕ್ಕಿದ್ದು. ಬಸನಗೌಡರು ಅಣ್ಣನ ಧೋತರ ಉಟ್ಟು, ತಮ್ಮದನ್ನು ಅಲ್ಲೇ ಬಿಸಾಡಿ ಹೋದವರು ಹನ್ನೊಂದು ವರ್ಷದಲ್ಲಿ ಆ ಮನೆಯಲ್ಲಿ ಕುಳಿತಿಲ್ಲ. ಎರಡು ಸಾವಿಗೆ, ಒಂದು ಮದುವೆಗೆ ಬಂದರು. ಅಂಗಳದ ಬೇವಿನ ಗಿಡದ ಕೆಳಗೆ ನಿಂತರು. ನಿಂತಲ್ಲಿಂದಲೇ ಹೋದರು.

ನಮ್ಮ ಸೀಮೆಯಲ್ಲಿ ಬಾರದಿದ್ದರೆ ನಡೆಯುತ್ತದೆ. ಕೆಲಸವಿತ್ತು, ಬಸ್ಸು ಸಿಗಲಿಲ್ಲ ಎನ್ನಬಹುದು. ಬಂದು ಕುಳಿತುಕೊಳ್ಳದೆ ಹೋದರೆ ಅದಕ್ಕೆ ಪರಿಹಾರವಿಲ್ಲ. ನೀಲವ್ವನವರು ಆ ಧೋತರವನ್ನು ಶುದ್ಧ ಮಾಡಿ ಹಿಂದಕ್ಕೆ ಕಳಿಸಬೇಕೆಂದು ಪ್ರತಿ ಪಂಚಮಿಗೆ ತೆಗೆದು ನಾಲ್ಕಾರು ಸಲ ಒಗೆಯುತ್ತಿದ್ದರಂತೆ. ಅದು ಅಷ್ಟು ಮೆತ್ತಗಾಗಲು ಕಾರಣ ಇದೇ. ಕಲೆ ಮಾತ್ರ ಹೋಗಲಿಲ್ಲ. ಆ ಪೇಂಟರನ ವಾರ್ನಿಶ್ ಮಂಚ ಬಿಟ್ಟು ಬೇರೆಲ್ಲ ಕಡೆ ಚೆನ್ನಾಗಿ ಹಿಡಿಯುತ್ತಿತ್ತು.

ಈಗ ಮೊಮ್ಮಗಳು ತಾನೇ ಅಡರಕಟ್ಟಿಗೆ ಹೋಗಿ, ಸಣ್ಣ ಅಜ್ಜ ಬಾರದಿದ್ದರೆ ಕುಬಸವೇ ಬೇಡ ಎಂದು ಹಟ ಹಿಡಿದಿದ್ದಳು. "ಬರ್ತೀನಿ. ಕುಂಡ್ರಂಗಿಲ್ಲ" ಎಂದು ಬಸನಗೌಡರು ಒಪ್ಪಿದ್ದರು. "ಅವ ಒಮ್ಮೆ ಕುಂತು ಎದ್ದು ಹೋಗ್ಲಿ ಮಾಸ್ತರ," ಎಂದರು ಫಕೀರಗೌಡರು. "ಎದ್ದಾಗ ಧೋತರ ಬಿಳಿ ಇರಬೇಕು. ನನಗ ಮತ್ತೇನೂ ಬ್ಯಾಡ."

ನಾನು ಕೈಯಲ್ಲಿನ ತುಂಡುಗಳನ್ನು ನೋಡಿದೆ. ಮರಳಿ ಹೊಲಿಯುವ ಹಾಗಿರಲಿಲ್ಲ. "ಹರದದ್ದು ಹರದ ಹೋತು, ಇನ್ನ ತಿಕ್ರಿ" ಎಂದು ಗೌಡರೇ ಎದ್ದು ಹೋದರು. ಆ ಧೋತರದಿಂದಲೇ ಮೊದಲ ಕೋಟ್ ತಿಕ್ಕಿದೆ. ಎಣ್ಣೆ ಕುಡಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಆದ್ದರಿಂದ ತುಂಡುಗಳನ್ನು ಅಂಗಳದ ಗೋಡೆಯ ಮೇಲೆ ಒಂದೊಂದಾಗಿ ಹರವಿದೆ. ಬಸನಗೌಡರ ಮಾನ ಹೀಗೆ ಬಿಸಿಲಿಗೆ ಒಣಗುತ್ತಿತ್ತು.

ಸೋಮವಾರ ಎರಡನೆಯ ಕೋಟ್. ಬೆಳಗ್ಗೆ ಒಂಬತ್ತಕ್ಕೆ ಮುಗಿಸಿ, ನಾಳೆಯವರೆಗೆ ಯಾರೂ ಕುಳಿತುಕೊಳ್ಳಕೂಡದು ಎಂದು ಮನೆಮಂದಿಗೆಲ್ಲ ಹೇಳಿ ನಾವಿಬ್ಬರೂ ಹೊಳೆಯ ಕಡೆ ಕಾಲಾಡಲು ಹೋದೆವು. ಬರುವಷ್ಟರಲ್ಲಿ ಮಂಚದ ಮೇಲೆ ಒಬ್ಬರು ಕುಳಿತಿದ್ದರು. ಮದುವೆಯ ಕರೆಯೋಲೆ ಕೊಡಲು ಬಂದ ದೂರದ ಬೀಗರು. ಕೈಯಲ್ಲಿ ಚಹಾದ ಬಸಿ. ನಮ್ಮನ್ನು ನೋಡಿ ಗೌರವದಿಂದ ಏಳಲು ಹೋದರು, ತಡವಾಗಿ ಎದ್ದರು.

ನೀಲವ್ವನವರು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

"ನಾ ಏನ್ ಮಾಡ್ಲ್ರಿ ಮಾಸ್ತರ. ಬಂದವರಿಗೆ ಕುಂಡ್ರಬ್ಯಾಡ್ರಿ ಅನ್ನೂದು ನನ್ನ ಬಾಯಾಗ ಬರಂಗಿಲ್ಲ. ಅಂದೇನಂತ ಬಾಯಿ ತಗದ್ನಿ, ಕುಂಡ್ರಿ ಅಂತ ಬಂತು."

ಇದರಲ್ಲಿ ಸುಳ್ಳಿರಲಿಲ್ಲ. ನಿಂತವರ ಜೊತೆ ಮಾತಾಡುವುದು ನಮ್ಮಲ್ಲಿ ಕೋರ್ಟಿನಲ್ಲಿ ಮಾತ್ರ. ಐವತ್ತು ವರ್ಷ ಆ ಹೊಸ್ತಿಲು ದಾಟಿದವರಿಗೆಲ್ಲ "ಬರ್ರಿ, ಕುಂಡ್ರಿ" ಎಂದ ನಾಲಿಗೆಯನ್ನು ಒಂದು ಬೆಳಗಿನಲ್ಲಿ ಬದಲಿಸುವ ಪಾಲಿಶ್ ನನ್ನ ಹತ್ತಿರ ಇರಲಿಲ್ಲ. ಬೀಗರ ಪ್ಯಾಂಟಿನ ಹೊಲಿಗೆಯೂ, ಹಿಂಜೇಬಿನಲ್ಲಿದ್ದ ಬಾಚಣಿಕೆಯ ಹಲ್ಲೂ ಮಂಚದ ಮೇಲೆ ಮೂಡಿದ್ದವು. ಅದನ್ನು ಉಜ್ಜಿ ತೆಗೆಯುವುದರಲ್ಲಿ ಒಂದು ದಿನ ಹೋಯಿತು.

ಮಂಗಳವಾರ ಮತ್ತೆ ಎರಡನೆಯ ಕೋಟ್. ಈ ಸಲ ನಾನು ಸರ್ಕಾರಿ ಬುದ್ಧಿ ಓಡಿಸಿದೆ. ರಟ್ಟಿನ ಮೇಲೆ ದೊಡ್ಡದಾಗಿ, "ಹಸಿ ಪಾಲಿಶ್ ಇದೆ. ಮುಟ್ಟಬಾರದು" ಎಂದು ಬರೆದು ಸರಪಳಿಗೆ ತೂಗುಹಾಕಿದೆ. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಇದ್ದ ಮಂಚ ಆಗ ಊರಿಗೆಲ್ಲ ಕಂಡಿತು. ಓದು ಬಂದವರು ಓದಿ ಮುಟ್ಟಿದರು. ಬಾರದವರು ಏನು ಬರೆದಿದೆ ಎಂದು ಕೇಳಿಕೊಂಡು ಮುಟ್ಟಿದರು. ಹಾಲು ತಂದವನು ಮುಟ್ಟಿ, "ಖರೆ ಐತ್ರಿ, ಹಸೀನ ಐತಿ" ಎಂದು ಪ್ರಮಾಣಪತ್ರ ಕೊಟ್ಟು ಹೋದ. ಸಂಜೆಗೆ ಎಣಿಸಿದೆ, ಹದಿನಾಲ್ಕು ಬೆರಳಚ್ಚು. ಅವುಗಳ ಜೊತೆ ಒಂದು ಕೋಳಿಯ ಹೆಜ್ಜೆ. ಅದಕ್ಕೆ ಓದು ಬರುತ್ತಿರಲಿಲ್ಲ, ಅದನ್ನು ಬಿಟ್ಟುಬಿಡೋಣ.

ಕೈಯಲ್ಲಿದ್ದ ಬಿಡುವಿನ ನಾಲ್ಕು ದಿನಗಳಲ್ಲಿ ಎರಡು ಹೀಗೆ ಹೋದವು. ಇನ್ನೊಂದು ದಿನ ಹೋದರೆ ಕೊನೆಯ ಕೋಟ್ ಗಟ್ಟಿಯಾಗುವ ಮೊದಲೇ ಸೋಮವಾರ ಬರುತ್ತದೆ. ಮೇಲೆ ಒಣಗಿ ಒಳಗೆ ಹಸಿ, ಮತ್ತದೇ ಕೆನೆ, ಮತ್ತದೇ ಧೋತರ. ಮೂರು ಸಲ "ಒಣಗಿರಬೇಕು" ಎಂದ ಮುದುಕರು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಮುಖ ನೋಡುತ್ತಿದ್ದರೇ ಹೊರತು ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮಾತಿಗೆ ಉತ್ತರ ಕೊಡಬಹುದು, ನೋಟಕ್ಕೆ ಏನು ಕೊಡುವುದು?

ಬುಧವಾರ ಬೆಳಗ್ಗೆ ಮಕ್ತುಮ್‌ಸಾಬ ತನ್ನ ಇಲಾಖೆಯಿಂದ ಪರಿಹಾರ ತೆಗೆದ.

"ಮಾಸ್ತರ, ಮಂದೀನ್ನ ಏನ್ ತಿದ್ತೀರಿ? ಮಂಚಾನ ಎತ್ತೂಣು."

ಸರಪಳಿಯ ಕೊಂಡಿಗಳನ್ನು ಮೇಲಿನ ಕೊಕ್ಕೆಗೆ ಸಿಕ್ಕಿಸಿ ಮಂಚವನ್ನು ಎದೆಮಟ್ಟಕ್ಕೆ ಏರಿಸಿದೆವು. ಇನ್ನು ಅದರ ಮೇಲೆ ಕುಳಿತುಕೊಳ್ಳಬೇಕಾದರೆ ನಿಚ್ಚಣಿಕೆ ಬೇಕು. ರಟ್ಟಿನ ಬೋರ್ಡನ್ನು ಒಲೆಗೆ ಹಾಕಿದೆ. ನೀಲವ್ವನವರು ಬಾಯ್ತುಂಬ "ಬರ್ರಿ, ಕುಂಡ್ರಿ" ಎಂದರು, ಬಂದವರು ಮಂಚ ನೋಡಿ ಸುಮ್ಮನೆ ಚಾಪೆಯ ಮೇಲೆ ಕುಳಿತರು. ಬೋರ್ಡು ಇಲ್ಲದ್ದರಿಂದ ಮುಟ್ಟಬೇಕೆಂದು ಯಾರಿಗೂ ತೋಚಲಿಲ್ಲ. ಓಣಿಯ ಮುದುಕಿಯೊಬ್ಬಳು ಮಾತ್ರ ಯಾವ ದೇವರಿಗೆ ಬಿಟ್ಟಿದ್ದೀರಿ ಎಂದು ಕೇಳಿ ಕೈಮುಗಿದು ಹೋದಳು. ದೂರದಿಂದ ಮುಗಿದಳು. ಪುಣ್ಯಾತ್ಮಳು.

ಬುಧವಾರ ಎರಡನೆಯ ಕೋಟ್, ಗುರುವಾರ ಮೂರನೆಯದು. ಶುಕ್ರವಾರ ನಾನೂರು ನಂಬರಿನ ಕಾಗದದಿಂದ ಹಗುರವಾಗಿ ಸವರಿ, ಧೂಳು ಒರೆಸಿ, ನಾಲ್ಕನೆಯ ಮತ್ತು ಕೊನೆಯ ಕೋಟ್. ಬಾಗಿಲಿನ ಬೆಳಕಿನಲ್ಲಿ ಮಂಚ ಒಳಗಿನಿಂದ ದೀಪ ಹಚ್ಚಿದ ಹಾಗೆ ಕಂಡಿತು. ಕೊನೆಯ ಕೋಟ್ ಆದ ಮೇಲೆ ಪಾಲಿಶ್‌ನವನು ಮಾಡಬೇಕಾದ ಕೆಲಸ ಒಂದೇ, ಊರು ಬಿಡುವುದು. ಅಲ್ಲೇ ಇದ್ದರೆ ಅವನ ಕೈಯೂ ಸುಮ್ಮನಿರುವುದಿಲ್ಲ. ಸೋಮವಾರ ಬೆಳಗ್ಗೆ ಬಂದು ಇಳಿಸುತ್ತೇವೆ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಬೀಳ್ಕೊಡಲು ಬಂದ ಫಕೀರಗೌಡರಿಗೆ, ಮೂರು ದಿನ ಆ ಕಡೆ ಹಾಯಬೇಡಿ ಎಂದೆ. ನೀವು ಹೇಳಬೇಕೇ ಎಂದು ಅವರು ತಲೆಯಾಡಿಸಿದರು.

ಸೋಮವಾರ ಏಳು ಗಂಟೆಗೆ ಹೋಗಿ ಮಂಚ ಇಳಿಸಿದೆವು. ಅಂಗೈಯ ಹಿಂಭಾಗ ಇಟ್ಟು ನೋಡಿದೆ, ಒಣಗಿ ಗಾಜಿನಂತಾಗಿತ್ತು. ಒತ್ತಿದೆ, ಉಗುರು ಇಳಿಯಲಿಲ್ಲ. ಮೂವತ್ತೈದು ವರ್ಷದ ಕೆಲಸದಲ್ಲಿ ಅಷ್ಟು ಚೊಕ್ಕ ಕೋಟ್ ನಾನು ಹಾಕಿರಲಿಲ್ಲ. ಆಗ ಮಕ್ತುಮ್‌ಸಾಬ ಎಡತುದಿಯ ಸರಪಳಿಯ ಹತ್ತಿರ ಬಗ್ಗಿ, ಮಾಸ್ತರ, ಇಲ್ಲಿ ಬರ್ರಿ ಎಂದ.

ಅಂಚಿಗೆ ಸಾಲಾಗಿ ಐದು ಹೆಬ್ಬೆಟ್ಟಿನ ಗುರುತು.

ಮೊದಲನೆಯದರಲ್ಲಿ ಗೆರೆ ಗೆರೆ ಎಣಿಸಬಹುದಿತ್ತು. ಕೋಟ್ ಹಾಕಿ ಮೂರ್ನಾಲ್ಕು ತಾಸಿಗೆ ಒತ್ತಿದ್ದು. ಎರಡನೆಯದು ಅದಕ್ಕಿಂತ ಮಾಸಲು. ಮೂರನೆಯದರಲ್ಲಿ ಬೆರಳಿನ ಆಕಾರ ಮಾತ್ರ, ನಾಲ್ಕನೆಯದರಲ್ಲಿ ಮಂಜಿನಂಥ ಕಲೆ. ಐದನೆಯದು ಬೆಳಕಿಗೆ ಓರೆಯಾಗಿ ನೋಡಿದರೆ ಉಂಟು, ನೆಟ್ಟಗೆ ನೋಡಿದರೆ ಇಲ್ಲ. ಪಾಲಿಶ್ ಹೇಗೆ ಒಣಗುತ್ತದೆ ಎಂಬುದನ್ನು ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಇಷ್ಟು ಸ್ಪಷ್ಟವಾದ ನಕ್ಷೆ ನನಗೆ ಬಂದಿರಲಿಲ್ಲ. ಅಪರಾಧಿ ಯಾರು ಎಂದು ಕೇಳಬೇಕಾಗಿರಲಿಲ್ಲ. ಮೊದಲೆರಡು ಗುರುತುಗಳಿಗೆ ಅಡ್ಡವಾಗಿ ಒಂದು ಓರೆ ಗೀಟು ಇತ್ತು, ಬೆರಳಿನ ಹಳೆಯ ಗಾಯದ್ದು. ಕಂಬದ ಮರೆಯಲ್ಲಿ ನಿಂತಿದ್ದ ಫಕೀರಗೌಡರು ಬಲಗೈಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದರು.

ಉಜ್ಜಿ ಮತ್ತೆ ಹಚ್ಚುವುದು ಹತ್ತು ನಿಮಿಷದ ಕೆಲಸ, ಒಣಗಲು ಒಂದು ದಿನ. ಬಸನಗೌಡರ ಜೀಪು ಹನ್ನೊಂದಕ್ಕೆ ಬರಲಿತ್ತು. ಒಂದು ತಲೆದಿಂಬು ತಂದು ಅದರ ಮೇಲೆ ಇಟ್ಟುಬಿಡೋಣ ಎಂದು ಮಕ್ತುಮ್‌ಸಾಬ ಹೇಳಿದ. ಇಟ್ಟೆವು. ಏಳು ಫೂಟಿನ ಬರಿದಾದ ಮಂಚಕ್ಕೆ ಮೂಲೆಯಲ್ಲಿ ಒಂದೇ ದಿಂಬು. ಇದಕ್ಕಿಂತ ಸಂಶಯ ಹುಟ್ಟಿಸುವ ವಸ್ತುವನ್ನು ನಾನು ನೋಡಿಲ್ಲ.

ಹನ್ನೊಂದೂ ಕಾಲಿಗೆ ಬಸನಗೌಡರು ಬಂದರು. ಅಣ್ಣನದೇ ಮುಖ, ಮೀಸೆ ಮಾತ್ರ ದೊಡ್ಡದು. ಹಾಲಿನಂಥ ಹೊಸ ಧೋತರ. ಬೇವಿನ ಗಿಡದ ಕೆಳಗೆ ನಿಲ್ಲಲು ಹೋದವರನ್ನು ಮೊಮ್ಮಗಳು ಕೈಹಿಡಿದು ಪಡಸಾಲೆಗೆ ತಂದಳು. ಅಲ್ಲಿ ಮೂವತ್ತು ಜನ ಕುಳಿತಿದ್ದರು. ಮೂವತ್ತೂ ಜನ ಬೇರೆ ಬೇರೆ ಕಡೆ ನೋಡುತ್ತಿದ್ದರು. ಅಂದು ನಕ್ಕ ಬೀಗರೂ ಇದ್ದರು, ಜಂತಿ ಎಣಿಸುತ್ತಿದ್ದರು.

"ಬಾರಪಾ ಬಸನಗೌಡ," ಎಂದರು ನೀಲವ್ವನವರು. ಮುಂದಿನ ಮಾತು ಐವತ್ತು ವರ್ಷದಲ್ಲಿ ಮೊದಲ ಸಲ ತಡವರಿಸಿತು. ಆಮೇಲೆ ಬಂತು. "ಕುಂಡ್ರು."

"ನಿಂತೀನಿ ಬಿಡ್ರಿ ವೈನಿ."

ಒಣಗಿದೆ ಎಂದು ಹೇಳುವ ಹಕ್ಕನ್ನು ಫಕೀರಗೌಡರು ಹನ್ನೊಂದು ವರ್ಷದ ಹಿಂದೆ ಕಳೆದುಕೊಂಡಿದ್ದರು. ಹಾಗಾಗಿ ನಾನು ಮುಂದೆ ಹೋಗಿ, ನಿವೃತ್ತ ನೌಕರನಿಗೆ ತಕ್ಕ ಗಾಂಭೀರ್ಯದಿಂದ, ಅಂದಿನ ಘಟನೆಗೆ ಯಾರ ದುರುದ್ದೇಶವೂ ಕಾರಣವಲ್ಲ, ಶೇಂಗಾ ಎಣ್ಣೆಯ ಗುಣವೇ ಹಾಗೆ ಎಂದು ಆರಂಭಿಸಿದೆ. ಎರಡು ವಾಕ್ಯ ಆಗಿರಲಿಲ್ಲ.

"ಎಣ್ಣಿ ಪುರಾಣ ಬ್ಯಾಡ್ರಿ ಸರ," ಎಂದರು ಅವರು. "ಆ ದಿಂಬಿನ ಬುಡಕ ಏನ್ ಮುಚ್ಚೀರಿ?"

ಯಾರಾದರೂ ಉತ್ತರ ಕೊಡುವ ಮೊದಲೇ ಹೋಗಿ ದಿಂಬು ಎತ್ತಿದರು. ಚಾಳೀಸು ತೆಗೆದು ಕಣ್ಣಿಗೆ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಜಂತಿ ಎಣಿಸುತ್ತಿದ್ದ ಬೀಗರು ಎಣಿಕೆ ನಿಲ್ಲಿಸಿದರು.

"ಅಣ್ಣಾ, ಕೈ ತೋರ್ಸು."

"ಏನಿಲ್ಲೋ."

"ತೋರ್ಸು ಅಂದ್ನಿ."

ಫಕೀರಗೌಡರು ಶಾಲೆಯ ಹುಡುಗನ ಹಾಗೆ ಕಿಸೆಯಿಂದ ಬಲಗೈ ತೆಗೆದರು. ಹೆಬ್ಬೆರಳಿಗೆ ಅಡ್ಡವಾಗಿ ಬಿಳಿಯ ಗೀಟು. ಸಣ್ಣವರಿದ್ದಾಗ ಜೋಳ ಕೊಯ್ಯುವಲ್ಲಿ ತಮ್ಮನ ಕೈಯ ಕುಡಗೋಲು ತಪ್ಪಿ ಆದ ಗಾಯ ಅದು ಎಂದು ಆಮೇಲೆ ತಿಳಿಯಿತು. ಬಸನಗೌಡರು ಆ ಬೆರಳನ್ನೂ ಮಂಚವನ್ನೂ ನೋಡಿದರು. ತಮ್ಮ ಹೆಬ್ಬೆರಳನ್ನು ಮೊದಲನೆಯ ಗುರುತಿನಿಂದ ಐದನೆಯದರವರೆಗೆ ಎಳೆದರು. ಐದನೆಯದರ ಮೇಲೆ ಬೆರಳು ನಿಂತಿತು.

"ಮುಟ್ಟಿ ನೋಡಾಕ ಹನ್ನೊಂದ ವರ್ಷ ತಡಾ ಮಾಡಿದ್ಯಲ್ಲೋ."

ಅಷ್ಟು ಹೇಳಿ ಕುಳಿತರು.

ಸರಪಳಿ ಒಮ್ಮೆ ಕಿರುಗುಟ್ಟಿತು. ಮಕ್ತುಮ್‌ಸಾಬ ನನ್ನ ಕಿವಿಯಲ್ಲಿ, ಎಣ್ಣೆ ಹಾಕುವುದು ಮರೆತೆ ಎಂದ. ಯಾವ ಎಣ್ಣೆಯ ಹೆಸರನ್ನೂ ಈಗ ಎತ್ತಬೇಡ ಎಂದೆ. ನೀಲವ್ವನವರು ಒಳಗೆ ಹೋದರು, ಮುಖ ತೊಳೆದುಕೊಂಡು ಹೊರಗೆ ಬಂದರು. ಫಕೀರಗೌಡರು ತಮ್ಮನ ಪಕ್ಕ ಕುಳಿತುಕೊಳ್ಳಲು ಹೋಗಿ, ಕುಳಿತುಕೊಳ್ಳುವ ಮೊದಲು ಅಭ್ಯಾಸಬಲದಿಂದ ಹೆಬ್ಬೆರಳು ಒತ್ತಿ ನೋಡಿದರು. ಆಗ ಬಸನಗೌಡರು ನಕ್ಕರು. ಆಮೇಲೆ ಮೂವತ್ತು ಜನಕ್ಕೂ ನಗಲು ಪರವಾನಗಿ ಸಿಕ್ಕಿತು.

ಕುಬಸದ ಊಟ ಮುಗಿಯುವವರೆಗೆ ಇಬ್ಬರೂ ಏಳಲಿಲ್ಲ, ಅಲ್ಲಿಯೇ ಎಲೆಅಡಿಕೆಯೂ ಆಯಿತು. ಮೂರು ಗಂಟೆಗೆ ಬಸನಗೌಡರು ಎದ್ದು ಬಾಗಿಲಿಗೆ ಹೋಗಿ, ಪಡಸಾಲೆಗೆ ಬೆನ್ನು ಮಾಡಿ, ಬೆಳಕಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಸಭೆ ಪರಿಶೀಲಿಸಿತು. ಧೋತರ ಬಿಳಿ ಇತ್ತು.

"ನನ್ನ ಹಸರ ದಡಿ ಧೋತರ ಎಲ್ಲೈತಿ?" ಎಂದು ಅಣ್ಣನನ್ನು ಕೇಳಿದರು.

ನಾನು ಮಕ್ತುಮ್‌ಸಾಬನ ಹಿಂದೆ ಸರಿದೆ. ಫಕೀರಗೌಡರು ಮಂಚವನ್ನು ತೋರಿಸಿದರು. "ಅದನ್ನ ತಿಕ್ಕಿ ತಿಕ್ಕಿ ಇದರಾಗ ಇಳಿಸ್ಯಾರ. ನೀ ಇಷ್ಟೊತ್ತನ ಅದರ ಮ್ಯಾಲ ಕುಂತಿದ್ದಿ."

ಜೀಪು ಹೋದ ಮೇಲೆ, ಬೆರಳಚ್ಚುಗಳನ್ನು ಈಗ ಉಜ್ಜಿ ತೆಗೆಯಬಹುದು ಎಂದು ಗೌಡರಿಗೆ ಹೇಳಿದೆ. ಪಾಲಿಶ್‌ನವನ ಮರ್ಯಾದೆಯ ಪ್ರಶ್ನೆ ಅದು. ಅವರು ಬೇಡ ಎಂದರು.

ಈ ಪ್ರಕರಣದಿಂದ ನಾನು ಕೆಲಸದ ಕ್ರಮವನ್ನೇ ಬದಲಿಸಿದೆ. ಮುಟ್ಟಬೇಡಿ ಎಂದು ಈಗ ಯಾರಿಗೂ ಹೇಳುವುದಿಲ್ಲ. ಪ್ರತಿ ಕೋಟ್ ಹಾಕುವಾಗ ಅದೇ ಜಾತಿಯ ಗೇಣುದ್ದದ ಕಟ್ಟಿಗೆಯ ತುಂಡಿಗೂ ಹಚ್ಚಿ, ದಾರ ಕಟ್ಟಿ ಬಾಗಿಲ ಹತ್ತಿರ ತೂಗುಹಾಕುತ್ತೇನೆ. ಇದನ್ನು ಎಷ್ಟು ಬೇಕಾದರೂ ಮುಟ್ಟಿ, ಇದು ಒಣಗಿದ ದಿನ ಅದೂ ಒಣಗಿರುತ್ತದೆ ಎನ್ನುತ್ತೇನೆ. ಶಿರಹಟ್ಟಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಗದಗಿನಲ್ಲಿ ಮಾಡಿದ ಕೆಲಸಗಳಲ್ಲೆಲ್ಲ ಆ ತುಂಡುಗಳು ಬೆರಳಚ್ಚಿನಿಂದ ತುಂಬಿ ಹೋಗಿವೆ. ಮಂಚ, ಕಪಾಟುಗಳು ಚೊಕ್ಕ ಇವೆ. ಮನುಷ್ಯನಿಗೆ ಯಾವುದರ ಬಗ್ಗೆ ಕಾಳಜಿ ಇದೆಯೋ ಅದನ್ನು ಅವನು ಮುಟ್ಟದೆ ಇರಲಾರ. ಕಾಯಿದೆ ಮಾಡುವುದಕ್ಕಿಂತ ಅವನ ಬೆರಳಿಗೊಂದು ಜಾಗ ಮಾಡಿಕೊಡುವುದು ಮೇಲು. ಇದು ನನಗೆ ಯಾವ ತರಬೇತಿಯಲ್ಲೂ ಸಿಗದ ಪಾಠ.

ಮರುವರ್ಷ ಪಂಚಮಿಗೆ ಹಮ್ಮಿಗಿಯಿಂದ ಕರೆ ಬಂತು. ಹೋದೆ. ತೂಗುಮಂಚದ ಮೇಲೆ ಅಣ್ಣ ತಮ್ಮ ಇಬ್ಬರೂ ಕುಳಿತು ಶೇಂಗಾ ಉಂಡಿ ತಿನ್ನುತ್ತಿದ್ದರು. ಅಡಿಗೆಮನೆಯ ಬಾಗಿಲಿಗೆ ನೀಲವ್ವನವರು ಬಂದರು.

"ಬರ್ರಿ ಮಾಸ್ತರ, ಕುಂಡ್ರಿ."

ನಾನೇ ಹಚ್ಚಿದ ಪಾಲಿಶ್. ಹಚ್ಚಿ ಎಂಟು ತಿಂಗಳಾಗಿತ್ತು. ಆದರೂ ಅಂದು ನಾನು ಬಿಳಿ ಪೈಜಾಮ ಹಾಕಿದ್ದೆ, ಮತ್ತು ಅದು ಪಂಚಮಿ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮಂಚದ ಅಂಚಿಗೆ ಒಮ್ಮೆ ಹೆಬ್ಬೆರಳು ಒತ್ತಿ, ಮೂಗಿಗೆ ಹಿಡಿದು ನೋಡಿ, ಆಮೇಲೆ ಕುಳಿತೆ.